ಹಿತ್ತಲ ಹಕ್ಕಿಗೆ ಯಾವ ಫೀಡರ್ ಸರಿ?

ಫೀಡರ್ ಕೊಳ್ಳುವ ಮೊದಲು ಕೆಲವು ದಿನ ಬೆಳಗ್ಗೆ ಕಾಫಿ ಲೋಟ ಹಿಡಿದು ಸುಮ್ನೆ ಹಿತ್ತಲು ನೋಡುತ್ತಾ ಕೂರಿ. ಯಾವ ಹಕ್ಕಿ ಬರುತ್ತದೆ ಅಂತ ನೋಡದೆ ತಟ್ಟೆ ತುಂಬ ಕಾಳು ಇಟ್ಟರೆ ಬೆಂಗಳೂರಿನಂಥ ಊರಲ್ಲಿ ಊಟಕ್ಕೆ ಕೂರುವುದು ಪಾರಿವಾಳಗಳೇ.

ಮೊದಲು ಹಕ್ಕಿ, ಆಮೇಲೆ ಫೀಡರ್

ನಮ್ಮ ಹಿತ್ತಲಿಗೆ ಬರುವ ಹಕ್ಕಿಗಳೆಲ್ಲ ಕಾಳು ತಿನ್ನುವುದಿಲ್ಲ. ಗುಬ್ಬಚ್ಚಿ, ರಾಟವಾಳ, ಬೆಳವ, ಗಿಳಿಗೆ ಕಾಳು ಬೇಕು. ಪಿಕಳಾರ, ಕುಟ್ರುಹಕ್ಕಿ, ಕೋಗಿಲೆಗೆ ಹಣ್ಣು. ಸೂರಕ್ಕಿಗೆ ಹೂವಿನ ರಸ. ಮಡಿವಾಳ, ಟುವ್ವಿ ಹಕ್ಕಿ ಹುಳ ಹುಡುಕುವವು, ನಿಮ್ಮ ಫೀಡರ್‌ಗೆ ಸೊಪ್ಪೂ ಹಾಕುವುದಿಲ್ಲ.

ಕಾಳಿನ ಹಕ್ಕಿಗೆ ಕೊಳವೆ

ಉದ್ದ ಕೊಳವೆಯಂಥ ಫೀಡರ್ ತಗೊಳ್ಳಿ. ಪಕ್ಕದಲ್ಲಿ ಸಣ್ಣ ತೂತು, ತೂತಿನ ಕೆಳಗೆ ಕೂರಲು ಗಿಡ್ಡ ಕಡ್ಡಿ ಇರಬೇಕು. ಕಡ್ಡಿ ಉದ್ದವಾದಷ್ಟೂ ಪಾರಿವಾಳಕ್ಕೆ ಅನುಕೂಲ. ತಳದಲ್ಲಿ ಅಗಲ ತಟ್ಟೆ ಅಂಟಿಸಿರುವ ಮಾಡೆಲ್ ಬೇಡ, ಪಾರಿವಾಳ ಅದರ ಮೇಲೆ ನಿಂತು ಆರಾಮಾಗಿ ತಿನ್ನುತ್ತದೆ. ಅವುಗಳ ಕಾಟ ತೀರಾ ಜಾಸ್ತಿ ಇದ್ದರೆ ಸುತ್ತ ತಂತಿ ಪಂಜರವಿರುವ ಫೀಡರ್ ಹುಡುಕಿ. ಸಂದಿ 4 ಸೆಂ.ಮೀ. ಇದ್ದರೆ ಗುಬ್ಬಚ್ಚಿ ನುಸುಳುತ್ತದೆ, ಪಾರಿವಾಳ ಹೊರಗೇ ಉಳಿಯುತ್ತದೆ. ಪಾಪ, ಬೆಳವವೂ ಹೊರಗೇ. ಅದು ನೆಲಕ್ಕೆ ಉದುರಿದ್ದನ್ನು ಹೆಕ್ಕಿಕೊಳ್ಳುತ್ತದೆ ಬಿಡಿ.

ಗಿಳಿ ಬರುವ ಮನೆಯಾದರೆ ಪ್ಲಾಸ್ಟಿಕ್ ಬೇಡವೇ ಬೇಡ. ಅದು ಕಡಿದು ಹಾಕುತ್ತದೆ, ಲೋಹದ್ದೇ ಬೇಕು.

ಒಳಗೆ ಸಜ್ಜೆ, ನವಣೆ, ಅಕ್ಕಿ ನುಚ್ಚು ಹಾಕಿ. ಮಧ್ಯಾಹ್ನದೊಳಗೆ ಖಾಲಿಯಾಗುವಷ್ಟು ಸಾಕು. ರಾತ್ರಿ ಉಳಿದರೆ ಇಲಿ ಬರುತ್ತದೆ. ಬೂಸ್ಟು ಹಿಡಿದ ಕಡಲೆಕಾಯಿ ಬೀಜ, ಉಪ್ಪು ಹಾಕಿದ ಮಿಕ್ಸ್ಚರ್, ಬ್ರೆಡ್ಡು ಹಾಕಬೇಡಿ.

ಹಣ್ಣಿಗೆ ಮೊಳೆ ಸಾಕು

ಇದಕ್ಕೆ ದುಡ್ಡು ಸುರಿಯುವುದು ದಂಡ. ಕೊಂಬೆಗೆ ಒಂದು ಹಲಗೆ ಕಟ್ಟಿ, ಅದಕ್ಕೆ ಮೊಳೆ ಹೊಡೆದು, ಪಪ್ಪಾಯಿ ಹೋಳೋ ಅರ್ಧ ಬಾಳೆಹಣ್ಣೋ ಚುಚ್ಚಿ. ಪಿಕಳಾರ ಬರುತ್ತದೆ, ಅಳಿಲೂ ಬರುತ್ತದೆ. ಸಂಜೆ ಉಳಿದದ್ದನ್ನು ತೆಗೆದುಬಿಡಿ.

ಕೊಳ್ಳಬಾರದ ಎರಡು

ಆನ್‌ಲೈನ್ ಅಂಗಡಿಯಲ್ಲಿ ಕೆಂಪು ಬಣ್ಣದ ಸಕ್ಕರೆ ನೀರಿನ ಬಾಟಲಿ ಚೆಂದ ಕಾಣುತ್ತದೆ. ಅದು ಅಮೆರಿಕದ ಹಮ್ಮಿಂಗ್‌ಬರ್ಡ್‌ಗೆ ಮಾಡಿದ್ದು. ಆ ಹಕ್ಕಿ ಭಾರತದಲ್ಲೇ ಇಲ್ಲ. ನಮ್ಮ ಬಿಸಿಲಿಗೆ ಸಕ್ಕರೆ ನೀರು ಬೇಗ ಹುಳಿಯುತ್ತದೆ ಬೇರೆ. ಸೂರಕ್ಕಿ ಬೇಕಾದರೆ ದಾಸವಾಳ, ಕೇಪಳ ನೆಡಿ. ಇನ್ನೊಂದು, ಕೊಬ್ಬಿನ ಉಂಡೆ ಇಡುವ ಫೀಡರ್. ಚಳಿ ದೇಶಕ್ಕೆ ಅದು ಸರಿ, ಇಲ್ಲಿ ಏಪ್ರಿಲ್ ಬಿಸಿಲಿಗೆ ಕರಗಿ ಸುರಿಯುತ್ತದೆ.

ಎಲ್ಲಿ ತೂಗಿಸುವುದು?

ಕಿಟಕಿ ಗಾಜಿನಲ್ಲಿ ಕಾಣುವ ಮರವನ್ನು ನಿಜ ಅಂದುಕೊಂಡು ಹಕ್ಕಿಗಳು ಢಿಕ್ಕಿ ಹೊಡೆಯುತ್ತವೆ. ಹಾಗಾಗಿ ಫೀಡರ್ ಗಾಜಿಗೆ 3 ಅಡಿಯೊಳಗಿರಲಿ, ಇಲ್ಲವೇ 30 ಅಡಿಗಿಂತ ದೂರ ಇರಲಿ. ಹತ್ತಿರ ಇದ್ದರೆ ಹಾರುವಾಗ ವೇಗ ಸಿಗದು, ತಾಗಿದರೂ ಪೆಟ್ಟು ಕಡಿಮೆ. ಬೆಕ್ಕು ಅವಿತು ಕೂರುವ ಪೊದೆಯಿಂದ 10 ಅಡಿ ಅಂತರ ಬೇಕು. ಬಾಲ್ಕನಿಯಾದರೆ ಕೆಳಗಿನ ಮನೆಯವರ ಬಟ್ಟೆ ಒಣಗುವ ಜಾಗ ನೋಡಿಕೊಳ್ಳಿ. ಜಗಳ ಶುರುವಾಗುವುದೇ ಅಲ್ಲಿಂದ ಅಲ್ವಾ?

ತೊಳೆಯಲು ಬರುತ್ತದಾ?

ಕೊಳ್ಳುವಾಗ ಜನ ಕೇಳದ ಪ್ರಶ್ನೆ ಇದು. ನನಗಂತೂ ಇದೇ ಮುಖ್ಯ. ಅಂಗಡಿಯಲ್ಲೇ ತಳ ಬಿಚ್ಚಿ ನೋಡಿ. ಒಳಗೆ ಬ್ರಷ್ ಹೋಗದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಹಕ್ಕಿಗಳು ಒಂದೇ ಕಡೆ ಸೇರಿ, ತಿನ್ನುವ ಕಾಳಿನ ಮೇಲೇ ಹಿಕ್ಕೆ ಹಾಕಿದರೆ ರೋಗ ಹರಡುತ್ತದೆ. ಬ್ರಿಟನ್‌ನಲ್ಲಿ ಟ್ರೈಕೊಮೊನೊಸಿಸ್ ಎಂಬ ರೋಗದಿಂದ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆ ಭಾರಿ ಕುಸಿಯಿತು. ಅಲ್ಲಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ 2025ರಲ್ಲಿ ತಾನು ಮಾರುತ್ತಿದ್ದ ಚಪ್ಪಟೆ ಫೀಡರ್‌ಗಳ ಮಾರಾಟವನ್ನೇ ತಡೆಹಿಡಿಯಿತು. ತಟ್ಟೆಗಿಂತ ಕೊಳವೆ ವಾಸಿ ಅನ್ನಲು ಇದೂ ಒಂದು ಕಾರಣ.

ಎರಡು ವಾರಕ್ಕೊಮ್ಮೆ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಸೇರಿಸಿ ತೊಳೆದು, ಮತ್ತೆ ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿಸಿ ಕಾಳು ತುಂಬಿ. ಮಳೆಗಾಲದಲ್ಲಿ ಕಾಳು ನೆನೆದು ಮುದ್ದೆಯಾದರೆ ಆವತ್ತೇ ಎಸೆಯಿರಿ. ಜೊತೆಗೊಂದು ಮಣ್ಣಿನ ಬೋಗುಣಿಯಲ್ಲಿ ಎರಡು ಇಂಚು ಮೀರದಷ್ಟು ನೀರಿಟ್ಟು ದಿನಾ ಬದಲಿಸಿ. ಕಾಳು ಮುಟ್ಟದ ಮಡಿವಾಳವೂ ಇದಕ್ಕೆ ಬಂದೀತು.

ಹೊಸ ಫೀಡರ್‌ಗೆ ಹಕ್ಕಿ ಬರಲು ಕೆಲವು ವಾರ ಹಿಡಿಯಬಹುದು. ದಿನಕ್ಕೊಂದು ಜಾಗಕ್ಕೆ ಬದಲಿಸಬೇಡಿ. ದಸರಾಕ್ಕೆ ಊರಿಗೆ ಹೊರಟರೆ ಹಕ್ಕಿ ಉಪವಾಸ ಬೀಳುತ್ತದೆ ಅನ್ನುವ ಚಿಂತೆ ಬೇಡ, ಅವಕ್ಕೆ ಬೇರೆ ಕಡೆಯೂ ಊಟ ಗೊತ್ತು. ಫೀಡರ್ ತೊಳೆದು ಒಳಗಿಟ್ಟು ಹೋಗಿ.