ಕನ್ನಂಬಾಡಿ ಅಳತೆಯಲ್ಲಿ ಕಡಲು: ಮಕ್ಕಳು ಮುಟ್ಟಿ ನೋಡುವ ನೀರಿನ ಕೋಣೆ ಕಟ್ಟುವುದು ಹೇಗೆ

ಮಂಡ್ಯದ ಮಗುವಿಗೆ ಸಮುದ್ರ ಎಷ್ಟು ಆಳ ಅಂತ ಹೇಳಬೇಕಾದರೆ ಮೀಟರ್ ಲೆಕ್ಕ ಬೇಡ. ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯ, ಲೆಕ್ಕದಲ್ಲಿ ಹೇಳಿ. ಕಟ್ಟೆ ತುಂಬಿದಾಗಿನ ಮಟ್ಟ 124.80 ಅಡಿ ಅನ್ನುವ ಸಂಖ್ಯೆ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಮಳೆಗಾಲ ಶುರುವಾದರೆ ಟೀ ಅಂಗಡಿಯಲ್ಲಿ ಪೇಪರ್ ಬಿಚ್ಚಿದವರು ಮೊದಲು ನೋಡುವುದೇ ಕಟ್ಟೆಯ ಇವತ್ತಿನ ಮಟ್ಟ. ಮಕ್ಕಳು ಅದನ್ನು ಕೇಳಿಕೊಂಡೇ ಬೆಳೆಯುತ್ತಾರೆ.

ನಾನು 22 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಈಗ ಆರು ವರ್ಷದಿಂದ ಮಂಡ್ಯ, ಮೈಸೂರು ಸುತ್ತಿನ ಶಾಲೆಗಳಿಗೆ, ಸಣ್ಣ ವಿಜ್ಞಾನ ಕೇಂದ್ರಗಳಿಗೆ ಮುಟ್ಟಿ ನೋಡುವ ಮಾದರಿಗಳನ್ನು ಮಾಡಿಸಿಕೊಡುತ್ತಿದ್ದೇನೆ. ನೀರು ಮತ್ತು ಕಡಲಿನ ಬಗ್ಗೆ ಒಂದು ಕೋಣೆ ಬೇಕು ಅಂತ ಕೇಳುವವರು ಇತ್ತೀಚೆಗೆ ಜಾಸ್ತಿಯಾಗಿದ್ದಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಕಡಲು ನೋಡಿಲ್ಲ. ಮೈಸೂರಿನಿಂದ ಮಂಗಳೂರಿಗೆ ಸುಮಾರು 250 ಕಿಲೋಮೀಟರ್, ನಡುವೆ ಘಟ್ಟ ಬೇರೆ. ಆದರೆ ನೀರು ಅವರಿಗೆ ಹೊಸದಲ್ಲ. ತೂಬು ಗೊತ್ತು, ನಾಲೆ ಗೊತ್ತು, ಸರದಿಯ ಮೇಲೆ ಕಟ್ಟು ನೀರು ಬಿಟ್ಟ ದಿನ ಅಪ್ಪ ರಾತ್ರಿ ಟಾರ್ಚ್ ಹಿಡಿದು ಗದ್ದೆಗೆ ಹೋಗುವುದು ಗೊತ್ತು. ಹಾಗಾಗಿ ಬಾಗಿಲಲ್ಲೇ ತಿಮಿಂಗಿಲ ನಿಲ್ಲಿಸಬೇಡಿ. ಬಾಗಿಲಲ್ಲಿ ನಾಲೆ ಇರಲಿ.

ನಾಲೆ ಮೇಜು

ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಫೈಬರ್ ತೊಟ್ಟಿ ಸಾಕು. ನೀರು ಮೂರು ಇಂಚಿಗಿಂತ ಆಳ ಬೇಡ. ನಾನು ಮೊದಲು ಮಾಡಿಸಿದ ಮೇಜಿನಲ್ಲಿ ನೀರು ಒಂದು ಅಡಿ ಆಳ ಇತ್ತು. ಲೆಕ್ಕ ಹಾಕಿ ನೋಡಿ: ಎಂಟು ಘನ ಅಡಿ, ಅಂದರೆ ಸುಮಾರು 226 ಲೀಟರ್, ಅಷ್ಟೇ ಕಿಲೋ ಭಾರ. ಎರಡು ತಿಂಗಳಿಗೆ ಪ್ಲೈವುಡ್ ಉಬ್ಬಿ, ಕಾಲು ಓರೆಯಾಗಿ, ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಕೋಣೆಯೆಲ್ಲಾ ನೀರು. ಮೂರು ಇಂಚಿಗೆ ಇಳಿಸಿದರೆ 57 ಕಿಲೋ ಅಷ್ಟೇ. ಮಕ್ಕಳಿಗೆ ಆಟಕ್ಕೆ ಅಷ್ಟು ನೀರು ಧಾರಾಳ.

ಒಂದು ತುದಿಯಲ್ಲಿ ಕಟ್ಟೆ, ಅಲ್ಲಿಂದ ಒಂದು ನಾಲೆ, ನಾಲೆಗೆ ಎರಡು ತೂಬು. ಒಂದು ತೂಬು ಮೇಲ್ಭಾಗದಲ್ಲಿ, ಇನ್ನೊಂದು ಕೊನೆಯಲ್ಲಿ. ಎರಡಕ್ಕೂ ಎತ್ತಿ ಇಳಿಸುವ ಸಣ್ಣ ಹಲಗೆ. ಹಲಗೆಗೆ ಮಕ್ಕಳ ಮುಷ್ಟಿಗೆ ಸಿಗುವಂಥ ದಪ್ಪ ಹಿಡಿ. ಇಷ್ಟು ಮಾಡಿ ನೀವು ದೂರ ನಿಂತುಕೊಳ್ಳಿ. ಮೇಲಿನ ತೂಬಿನ ಮಗು ಹಲಗೆಯನ್ನು ಪೂರ್ತಿ ಎತ್ತುತ್ತದೆ. ಕೊನೆಯ ಗದ್ದೆ ಒಣಗುತ್ತದೆ. ಆಗ ಶುರುವಾಗುತ್ತದೆ: ‘ಏ, ನಿಂದು ಇಳಿಸೋ, ನಮ್ ಕಡೆಗೆ ಬರ್ತಾನೇ ಇಲ್ಲ!’ ಸ್ವಲ್ಪ ಹೊತ್ತು ಜಗಳ. ಆಮೇಲೆ ಅವರಲ್ಲೇ ಒಬ್ಬ ನೀರುಗಂಟಿ ಹುಟ್ಟಿಕೊಳ್ಳುತ್ತಾನೆ, ‘ಇವನಿಗೆ ಸ್ವಲ್ಪ, ಅವಳಿಗೆ ಸ್ವಲ್ಪ’ ಅಂತ ಸರದಿ ಹಾಕುತ್ತಾನೆ. ನಾನು ಒಂದು ಮಾತೂ ಆಡಬೇಕಾಗಿಲ್ಲ. ನನಗೆ ಈ ಕೆಲಸದಲ್ಲಿ ಇದಕ್ಕಿಂತ ಖುಷಿ ಕೊಡುವ ಗಳಿಗೆ ಇನ್ನೊಂದಿಲ್ಲ.

ನದಿ ಮೇಜಿನಲ್ಲೇ ಮುಗಿಯಬಾರದು. ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ಸುಮಾರು 800 ಕಿಲೋಮೀಟರ್ ಹರಿದು ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ಮೇಜಿನ ಕೊನೆಯ ಮೂಲೆಯಲ್ಲಿ ಒಂದು ಅಗಲವಾದ ಬೋಗುಣಿ ಇಟ್ಟು ನೀಲಿ ಬಣ್ಣ ಹಚ್ಚಿ. ನೀರು ಅಲ್ಲಿಗೆ ಬೀಳಲಿ, ಅಲ್ಲಿಂದ ಮೋಟಾರ್ ಮತ್ತೆ ಕಟ್ಟೆಗೆ ಎತ್ತಲಿ. ಬೋಗುಣಿ ಮೇಲೆ ‘ಕಡಲು’ ಅಂತ ಬರೆದರೆ ಸಾಕು, ಮಗು ಅಲ್ಲಿಂದ ಮುಂದಿನ ಕೋಣೆಗೆ ತಾನೇ ಹೋಗುತ್ತದೆ.

ಆ ಮೂಲೆಯ ಪಕ್ಕದಲ್ಲೇ ಹಾವುಮೀನಿನ ಹಲಗೆ ಇಡಿ. ಅದು ಕಡಲಿನಲ್ಲಿ ಹುಟ್ಟಿ, ನದಿ ಹತ್ತಿ ಬಂದು ಬೆಳೆದು, ಮೊಟ್ಟೆ ಇಡಲು ಮತ್ತೆ ಕಡಲಿಗೇ ಹೋಗುವ ಜೀವ. ತೆಳು ಅಕ್ರಿಲಿಕ್ ಹಾಳೆಯ ಮೇಲೆ ಕಾವೇರಿಯ ಚಿತ್ರ, ಅದರ ಮೇಲೆ ಕಬ್ಬಿಣದ ತುಂಡು ಅಂಟಿಸಿದ ಮೀನು. ಮಗು ಹಾಳೆಯ ಕೆಳಗಿನಿಂದ ಅಯಸ್ಕಾಂತ ಹಿಡಿದು ಮೀನನ್ನು ಕಡಲಿನಿಂದ ಮೇಲಕ್ಕೆ ಎಳೆಯುತ್ತದೆ. ತಮಿಳುನಾಡಿನ ಮೆಟ್ಟೂರು ಕಟ್ಟೆಯ ಜಾಗದಲ್ಲಿ ಒಂದು ಮರದ ಪಟ್ಟಿ, ಕನ್ನಂಬಾಡಿ ಕಟ್ಟೆಯ ಜಾಗದಲ್ಲಿ ಇನ್ನೊಂದು. ಮೀನು ತಡೆದು ನಿಲ್ಲುತ್ತದೆ. ಇಲ್ಲಿ ವಿವರಣೆ ಬರೆಯಬೇಡಿ. ‘ಈಗ ಏನು ಮಾಡೋದು?’ ಅಂತ ಕೇಳಿ ಬಿಟ್ಟುಬಿಡಿ. ಕಟ್ಟೆ ಒಡೆಯಬೇಕು ಅಂತ ಯಾವ ಮಗುವೂ ನನಗೆ ಹೇಳಿಲ್ಲ. ಮೀನಿಗೆ ಮೆಟ್ಟಿಲು ಮಾಡಿಕೊಡಿ ಅಂತ ತುಂಬಾ ಮಕ್ಕಳು ಹೇಳಿದ್ದಾರೆ.

ರಾಟೆ ಸುತ್ತಿ ಕಡಲಿಗೆ ಇಳಿಯುವುದು

ಇದು ನನ್ನ ಅಚ್ಚುಮೆಚ್ಚಿನದು, ಖರ್ಚೂ ಕಡಿಮೆ. ಗೋಡೆಯ ಮೇಲೆ ಸೂರಿನಿಂದ ನೆಲದವರೆಗೆ ಸುಮಾರು ಮೂರು ಮೀಟರ್ ಉದ್ದದ ಪಟ್ಟಿ ಎಳೆಯಿರಿ. ಅಳತೆ ಹೀಗೆ: ತುಂಬಿದ ಕನ್ನಂಬಾಡಿಯ 124.80 ಅಡಿ, ಅಂದರೆ ಸುಮಾರು 38 ಮೀಟರ್, ಪಟ್ಟಿಯ ಮೇಲೆ ಒಂದು ಸೆಂಟಿಮೀಟರ್. ಬೆರಳಿನ ಉಗುರಿನಷ್ಟು. ಅದಕ್ಕೆ ಹಸಿರು ಬಣ್ಣ ಹಚ್ಚಿ.

ಅದೇ ಅಳತೆಯಲ್ಲಿ ಕಡಲಿಗೆ ಇಳಿಯಿರಿ. 200 ಮೀಟರ್ ಆದಮೇಲೆ ಬಿಸಿಲು ಹೆಸರಿಗಷ್ಟೇ ಉಳಿಯುತ್ತದೆ. ಅದು ಪಟ್ಟಿಯ ಮೇಲೆ ಐದು ಸೆಂಟಿಮೀಟರಿಗೇ ಬರುತ್ತದೆ. 1,000 ಮೀಟರಿನ ಕೆಳಗೆ ಪೂರ್ತಿ ಕತ್ತಲೆ, ಅದು 26 ಸೆಂಟಿಮೀಟರ್. ಕಡಲಿನ ಸರಾಸರಿ ಆಳ ಸುಮಾರು 3,700 ಮೀಟರ್, ಪಟ್ಟಿಯಲ್ಲಿ ಒಂದು ಮೀಟರಿಗೆ ಸ್ವಲ್ಪ ಕಡಿಮೆ. ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳ 11 ಕಿಲೋಮೀಟರಿನ ಹತ್ತಿರ, ಅದು ನೆಲದ ಹತ್ತಿರ ಬಂದು ಮುಟ್ಟುತ್ತದೆ. ಕನ್ನಂಬಾಡಿಯನ್ನು ಒಂದರ ಮೇಲೊಂದು 280ಕ್ಕೂ ಹೆಚ್ಚು ಸಲ ಪೇರಿಸಿದ ಹಾಗೆ.

ಈಗ ಮಗುವಿನ ಕೈಗೆ ಕೆಲಸ ಕೊಡಿ. ಮೇಲೆ ಬಾವಿ ರಾಟೆಯಂಥ ಸಣ್ಣ ರಾಟೆ, ಹಗ್ಗದ ತುದಿಗೆ ಒಂದು ಪುಟ್ಟ ಜಲಾಂತರ್ಗಾಮಿ. ಹಗ್ಗದ ಇನ್ನೊಂದು ತುದಿಯನ್ನು ಒಂದು ಇಂಚಿನ ಪಿವಿಸಿ ಪೈಪಿಗೆ ಸುತ್ತಿ, ಪೈಪಿಗೆ ಹಿಡಿ ಹಾಕಿ. ಒಂದು ಸುತ್ತಿಗೆ ಸುಮಾರು 10 ಸೆಂಟಿಮೀಟರ್ ಇಳಿಯುತ್ತದೆ. ತಳ ಮುಟ್ಟಲು 28 ಸುತ್ತಿನ ಆಸುಪಾಸು ಬೇಕು. ನಮ್ಮ ಮರಗೆಲಸದ ಆಚಾರ್ರು ‘ಮೇಡಮ್ಮೋರೆ, ದಪ್ಪ ಪೈಪ್ ಹಾಕ್ಬುಡ್ಲಾ? ಮಕ್ಳಿಗೆ ಬೇಗ ಆಗ್ಲಿ’ ಅಂದರು. ಬೇಡ ಅಂದೆ. ತೋಳು ಸ್ವಲ್ಪ ನೋಯಲಿ. ಮೊದಲ ಸುತ್ತು ಮುಗಿಯುವುದರೊಳಗೆ ಕನ್ನಂಬಾಡಿ ದಾಟಿ ಹೋಗಿರುತ್ತದೆ, ಬೆಳಕಿನ ಕಡಲೂ ದಾಟಿರುತ್ತದೆ. ಇನ್ನು ಇಪ್ಪತ್ತಕ್ಕೂ ಹೆಚ್ಚು ಸುತ್ತು ಬರೀ ಕತ್ತಲೆ. ಕಡಲು ಅಂದರೆ ಎಷ್ಟು ಅನ್ನುವುದು ಆ ತೋಳಿಗೆ ಗೊತ್ತಾಗುತ್ತದೆ.

ಪಕ್ಕದಲ್ಲೇ ಒತ್ತಡದ ಡ್ರಮ್. ಎರಡು ಅಡಿ ನೀರು, ಮೇಲೆ ಗಟ್ಟಿ ಮುಚ್ಚಳ, ಮುಚ್ಚಳದಲ್ಲಿ ತೋಳು ಹೋಗುವಷ್ಟೇ ತೂತು. ಬಾಯಿ ತೆರೆದ ಡ್ರಮ್ಮನ್ನು ಮಕ್ಕಳ ಹತ್ತಿರ ಯಾವತ್ತೂ ಇಡಬೇಡಿ. ಮಗು ಮೊಣಕೈವರೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕೈ ಇಳಿಸುತ್ತದೆ. ಚೀಲ ಸುತ್ತಲಿಂದ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಬೆರಳುಗಳ ಸಂದಿಯಲ್ಲೂ. ಹಳ್ಳಿಯಿಂದ ಬಂದ ಒಬ್ಬ ಹುಡುಗ ಕೈ ಇಳಿಸಿದವನೇ ಕಣ್ಣರಳಿಸಿ, ‘ಮಿಸ್, ಯಾರೋ ಕೈ ಹಿಂಡ್ದಂಗಾಯ್ತದೆ!’ ಅಂದ. ಆ ಮಾತನ್ನೇ ಫಲಕದಲ್ಲಿ ಬರೆಸಿದೆ. ಅದರ ಕೆಳಗೆ ಇಷ್ಟು: ಪ್ರತಿ 10 ಮೀಟರ್ ಇಳಿದರೂ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು ಇನ್ನೊಂದು ಸಲ ಸೇರುತ್ತದೆ. ತುಂಬಿದ ಕನ್ನಂಬಾಡಿಯ ತಳದಲ್ಲಿ ಹತ್ತಿರ ಹತ್ತಿರ ನಾಲ್ಕು ಸಲ. ಮರಿಯಾನಾ ಕಂದಕದ ತಳದಲ್ಲಿ ಸಾವಿರಕ್ಕೂ ಹೆಚ್ಚು ಸಲ.

ಕೆಂಪು ರಿಬ್ಬನ್

ನೀರಿನಲ್ಲಿ ಕೆಂಪು ಬೆಳಕು ಎಲ್ಲಕ್ಕಿಂತ ಮೊದಲು ಸತ್ತುಹೋಗುತ್ತದೆ, ನೀಲಿ ತುಂಬಾ ಆಳಕ್ಕೆ ಇಳಿಯುತ್ತದೆ. ಇದನ್ನು ತೋರಿಸಲು ಕಪ್ಪು ಬಟ್ಟೆಯ ಗೂಡು ಮತ್ತು ನೀಲಿ ಎಲ್ಇಡಿ ದೀಪ ಸಾಕು. ಟ್ಯೂಬ್‌ಲೈಟಿಗೆ ನೀಲಿ ಕಾಗದ ಸುತ್ತಿದರೆ ಆಗುವುದಿಲ್ಲ, ಕೆಂಪು ಸ್ವಲ್ಪ ಸೋರುತ್ತದೆ. ಒಳಗೆ ಕೆಂಪು ಮೀನಿನ ಚಿತ್ರ ಅಂಟಿಸಿ. ನೀಲಿ ಬೆಳಕಿನಲ್ಲಿ ಅದು ಕಪ್ಪಾಗಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಆಳ ಕಡಲಿನ ಎಷ್ಟೋ ಜೀವಿಗಳು ಕೆಂಪಗಿರುವುದು ಅಡಗಿಕೊಳ್ಳಲು.

ಆದರೆ ಅಲ್ಲಿ ಮೀನಿಗಿಂತ ಜೋರಾಗಿ ಕೆಲಸ ಮಾಡಿದ್ದು ಬೇರೆ. ಸರ್ಕಾರಿ ಶಾಲೆಯ ಹುಡುಗಿಯರು ಎರಡು ಜಡೆ ಮಡಚಿ ಕೆಂಪು ರಿಬ್ಬನ್ ಕಟ್ಟಿಕೊಂಡು ಬಂದಿದ್ದರು. ಒಳಗೆ ಹೋದ ಒಬ್ಬಳು ಗೆಳತಿಯ ಜಡೆ ಹಿಡಿದು ಕೂಗಿದಳು: ‘ನಿನ್ನ ರಿಬ್ಬನ್ ಕಪ್ಪಾಗೋಯ್ತು ಕಣೆ!’ ಆಚೆ ಬಂದು ನೋಡಿದರೆ ಕೆಂಪು. ಮತ್ತೆ ಒಳಗೆ, ಮತ್ತೆ ಆಚೆ. ಅವತ್ತಿನಿಂದ ಗೂಡಿನೊಳಗೆ ಒಂದು ಕನ್ನಡಿ ಹಾಕಿಸಿದ್ದೇನೆ. ರಿಬ್ಬನ್ ಇಲ್ಲದವರಿಗೆ ಅಂತ ಒಂದು ಡಬ್ಬಿಯಲ್ಲಿ ಕೆಂಪು ಬಳೆ ಇಟ್ಟಿದ್ದೇನೆ.

ಉಪ್ಪು ನೀರಿನ ವಿಷಯದಲ್ಲಿ ಸುಳ್ಳು ಹೇಳಬೇಡಿ

ಮೊಟ್ಟೆ ತೇಲಿಸಿ ‘ಇದು ಸಮುದ್ರದ ನೀರು’ ಅಂತ ತೋರಿಸುವುದು ಎಲ್ಲಾ ಕಡೆ ಇದೆ. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಷ್ಟೇ ಹಾಕಿ ನೋಡಿ, ತಾಜಾ ಮೊಟ್ಟೆ ಮುಳುಗಿಯೇ ಇರುತ್ತದೆ. ತೇಲಬೇಕಾದರೆ ಅದಕ್ಕಿಂತ ಎಷ್ಟೋ ಹೆಚ್ಚು ಉಪ್ಪು ಬೇಕು. ನಾನೂ ಎಷ್ಟೋ ವರ್ಷ ತಪ್ಪು ಹೇಳಿದ್ದೆ. ಒಬ್ಬ ವಿದ್ಯಾರ್ಥಿನಿ ಉಪ್ಪು ತೂಗಿ ಹಾಕಿ ತೋರಿಸಿದ ದಿನ ತಿದ್ದಿಕೊಂಡೆ.

ಮೊಟ್ಟೆಯ ಬದಲು ಒಂದು ಅಡಿಯ ತೆಳು ಪ್ಲಾಸ್ಟಿಕ್ ಕೊಳವೆ ತಗೊಳ್ಳಿ. ಕೆಳಗಿನ ತುದಿ ಮುಚ್ಚಿ, ಒಳಗೆ ಸೈಕಲ್ ಬೇರಿಂಗ್ ಗುಂಡುಗಳನ್ನು ಹಾಕಿ. ಸಿಹಿನೀರಿನಲ್ಲಿ 20 ಸೆಂಟಿಮೀಟರ್ ಮುಳುಗಿ ನೆಟ್ಟಗೆ ನಿಲ್ಲಬೇಕು. ಅಲ್ಲಿಗೆ ಕೆಂಪು ಗೆರೆ. ಕಡಲಿನಷ್ಟು ಉಪ್ಪು ಇರುವ ಜಾಡಿಗೆ ಅದನ್ನೇ ಹಾಕಿದರೆ ಗೆರೆ ಅರ್ಧ ಸೆಂಟಿಮೀಟರ್ ಮೇಲೆ ಬರುತ್ತದೆ. ಸಣ್ಣ ವ್ಯತ್ಯಾಸ, ಆದರೆ ನಿಜವಾದದ್ದು. ಮಕ್ಕಳು ಬಗ್ಗಿ, ಕಣ್ಣು ಹತ್ತಿರ ಇಟ್ಟು ನೋಡುತ್ತಾರೆ. ಹಾಗೆ ನೋಡುವುದನ್ನು ಕಲಿಸಬೇಕು ಅಲ್ವಾ?

ತಿಮಿಂಗಿಲ ಬೇಕೇ ಬೇಕು ಅನ್ನುವವರು ಅಂಗಳದಲ್ಲಿ ರಂಗೋಲಿ ಪುಡಿಯಿಂದ ಬರೆಯಿರಿ. ನೀಲಿ ತಿಮಿಂಗಿಲ 30 ಮೀಟರ್ ಹತ್ತಿರ ಬೆಳೆಯುತ್ತದೆ, ಎರಡೂವರೆ ಬಸ್ಸಿನ ಉದ್ದ. ಮಕ್ಕಳು ಅದರ ಬಾಯಿಂದ ಬಾಲದವರೆಗೆ ಓಡಲಿ.

ಚೆಂದ ಕಾಣುತ್ತದೆ ಅಂತ ಹವಳ, ಒಣಗಿಸಿದ ಕಡಲಕುದುರೆ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವಕ್ಕೆ ರಕ್ಷಣೆ ಇದೆ. ಬದುಕಿರುವ ಮೀನನ್ನು ಮಕ್ಕಳ ಕೈಗೆ ಕೊಡುವುದೂ ಬೇಡ. ದಿನಕ್ಕೆ ಇನ್ನೂರು ಕೈ ಮುಟ್ಟಿದರೆ ಯಾವ ಜೀವವೂ ತಡೆಯುವುದಿಲ್ಲ.

ಬರೆಯುವುದು, ನೋಡುವುದು

ಫಲಕದಲ್ಲಿ ಮೊದಲ ಸಾಲು ಕೆಲಸ ಹೇಳಬೇಕು. ‘ತೂಬು ಎತ್ತು.’ ಎರಡನೆಯದು ಪ್ರಶ್ನೆ. ‘ಯಾರ ಗದ್ದೆಗೆ ನೀರು ಬಂತು?’ ವಿವರ ಕೊನೆಗೆ, ಎಲ್ಲಾ ಸೇರಿ ಮೂವತ್ತು ಪದ ದಾಟಬಾರದು. ಬರೆದದ್ದನ್ನು ನಾಲ್ಕನೇ ಕ್ಲಾಸಿನ ಮಗುವಿನ ಕೈಲಿ ಜೋರಾಗಿ ಓದಿಸಿ. ಎಲ್ಲಿ ತಡವರಿಸುತ್ತದೋ ಆ ಪದ ತೆಗೆಯಿರಿ. ‘ಜಲಾಶಯ’ ಅಂತ ಬರೆದಿದ್ದೆ, ಓದಿ ಸುಮ್ನೆ ನನ್ನ ಮುಖ ನೋಡಿದರು. ‘ಕಟ್ಟೆ’ ಅಂತ ತಿದ್ದಿದೆ.

ಪಕ್ಕಾ ಮಾದರಿ ಮಾಡಿಸುವ ಮೊದಲು ರಟ್ಟು, ಥರ್ಮೊಕೋಲ್, ಹಳೆ ಬಕೆಟ್‌ನಲ್ಲಿ ಕಚ್ಚಾ ಮಾದರಿ ಮಾಡಿ. ಹತ್ತು ಮಕ್ಕಳನ್ನು ಕರೆದು ಬಿಡಿ. ನೀವು ಮೂಲೆಯಲ್ಲಿ ಬಾಯಿ ಮುಚ್ಚಿ ಕೂರಿ, ಒಂದು ಗಂಟೆ. ಟೀಚರ್ ಆಗಿದ್ದವರಿಗೆ ಇದು ತುಂಬಾ ಕಷ್ಟ. ಯಾವ ಹಿಡಿಯನ್ನು ಮೊದಲು ಹಿಡಿದರು, ಎಷ್ಟು ಹೊತ್ತು ನಿಂತರು, ಯಾವಾಗ ಪಕ್ಕದವನನ್ನು ಕರೆದರು ಅಂತ ಬರೆದುಕೊಳ್ಳಿ. ಗಾಲಿಕುರ್ಚಿಯಲ್ಲಿ ಬಂದ ಹುಡುಗಿಯೊಬ್ಬಳು ನಾಲೆ ಮೇಜಿಗೆ ಕೈ ಎಟುಕದೆ ಪಕ್ಕಕ್ಕೆ ಸರಿದಳು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಈಗ ಮೇಜಿನ ಕೆಳಗೆ ಮೊಣಕಾಲಿಗೆ 70 ಸೆಂಟಿಮೀಟರ್ ಖಾಲಿ ಬಿಡಿಸುತ್ತೇನೆ, ಸಣ್ಣ ಮಕ್ಕಳಿಗೆ ನಿಲ್ಲಲು ಮಣೆ ಹಾಕಿಸುತ್ತೇನೆ.

ಬೇರೆಯವರದ್ದನ್ನೂ ನೋಡಿ. ಮೈಸೂರಿನ ಕಾರಂಜಿ ಕೆರೆ ಪಕ್ಕದಲ್ಲಿ 1995ರಿಂದ ಪ್ರಾದೇಶಿಕ ನೈಸರ್ಗಿಕ ಇತಿಹಾಸ ಸಂಗ್ರಹಾಲಯ ಇದೆ. ಅಲ್ಲಿ ಹೋದರೆ ಮಾದರಿಗಳ ಜೊತೆಗೆ ಅವುಗಳ ಮುಂದೆ ನಿಂತ ಮಕ್ಕಳನ್ನೂ ಗಮನಿಸಿ. ಫ್ರಾಂಕ್ ಓಪನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮುಟ್ಟಿ ನೋಡುವ ವಿಜ್ಞಾನ ಸಂಗ್ರಹಾಲಯವಾದ ಎಕ್ಸ್‌ಪ್ಲೊರಟೋರಿಯಂ ಶುರು ಮಾಡಿದಾಗ ರಿಪೇರಿ ಮಾಡುವ ಕಾರ್ಯಾಗಾರವನ್ನು ಬಂದವರ ಕಣ್ಣಿಗೆ ಕಾಣುವ ಹಾಗೇ ಇಟ್ಟರು. ನಾವೂ ಸ್ಪ್ಯಾನರ್, ಹಗ್ಗ, ಟೇಪ್ ಎಲ್ಲಾ ಕೋಣೆಯೊಳಗೇ ಇಡುತ್ತೇವೆ.

ದಿನದ ಕೆಲಸ

ಮೋಟಾರ್ 12 ವೋಲ್ಟಿನದೇ ಇರಲಿ. ಕೋಣೆಯ ಕರೆಂಟಿಗೆ ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಯಾಂಪಿನ ಆರ್‌ಸಿಸಿಬಿ ಹಾಕಿಸಿ, ಇದರಲ್ಲಿ ಉಳಿತಾಯ ನೋಡಬೇಡಿ. ಒತ್ತುವ ಗುಂಡಿ, ಟಚ್ ಸ್ಕ್ರೀನ್ ಆದಷ್ಟು ಕಡಿಮೆ ಮಾಡಿ. ಒಂದು ಕಡೆ ಲಕ್ಷಗಟ್ಟಲೆ ಕೊಟ್ಟು ತಂದ ಸ್ಕ್ರೀನ್ ಒಂದೇ ಮಳೆಗಾಲಕ್ಕೆ ಕೆಟ್ಟಿತು, ಹಾಕಿದವರು ಮತ್ತೆ ಫೋನ್ ಎತ್ತಲಿಲ್ಲ. ಹಗ್ಗ, ರಾಟೆ, ಹಲಗೆ ಕೆಟ್ಟರೆ ಗುತ್ತಲು ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬಂದರೆ ಮುಗಿಯಿತು.

ಬೋರ್‌ವೆಲ್ ನೀರು ಹಾಕಿದರೆ ಅಕ್ರಿಲಿಕ್ ಮೇಲೆ ಬಿಳಿ ಕಲೆ ಕೂರುತ್ತದೆ, ನಿಂಬೆರಸದಲ್ಲಿ ಮೆತ್ತಗೆ ಒರೆಸಿ. ನೆಲಕ್ಕೆ ಜಾರದ ಮ್ಯಾಟ್, ಗೋಡೆಗೆ ನಾಲ್ಕು ಟವೆಲ್. ವಾರಕ್ಕೊಮ್ಮೆ ಎಲ್ಲಾ ತೊಟ್ಟಿ ಖಾಲಿ ಮಾಡಿ ಒಳಗೋಡೆ ಉಜ್ಜಿ. ಡೆಂಗಿ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ, ಸುಮ್ನೆ ನೀರು ಚೆಲ್ಲಿದರೆ ಹೋಗುವುದಿಲ್ಲ. ತೊಟ್ಟಿಗೆ ಒಂದೂವರೆ ಇಂಚಿನ ಡ್ರೈನ್ ಪೈಪ್ ಇಡಿಸಿ, ಸಣ್ಣದಾದರೆ ಮರಳು ಕಟ್ಟಿಕೊಳ್ಳುತ್ತದೆ. ನಾಲೆ ಮೇಜಿನ ನೀರನ್ನು ನಾವು ಬಕೆಟ್‌ನಲ್ಲಿ ಹಿಡಿದು ಗೇಟಿನ ಹತ್ತಿರದ ಹೊಂಗೆ ಗಿಡಕ್ಕೆ ಹಾಕುತ್ತೇವೆ. ಉಪ್ಪು ಜಾಡಿಯ ನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ. ಅದಕ್ಕೆ ಮುಚ್ಚಳ ಹಾಕಿ ಇಟ್ಟುಕೊಳ್ಳಿ, ಮುಂದಿನ ವಾರಕ್ಕೂ ಅದೇ ಆಗುತ್ತದೆ.