‘ಸುತ್ತಮುತ್ತ’ ಎಂಬ ಪದವನ್ನು ತೆಗೆದುಹಾಕಿದ್ದು

ಕೋಲಾರ ಜಿಲ್ಲೆಯ ನಮ್ಮ ಗ್ರಾಮ ಪಂಚಾಯಿತಿಯಲ್ಲಿ ನಾನು ಸದಸ್ಯನಾಗಿದ್ದಾಗ, ಕೆರೆಯ ನೀರನ್ನು ಕಾಪಾಡಲು ಉಪವಿಧಿಯೊಂದರ, ಅಂದರೆ ಪಂಚಾಯಿತಿ ತನ್ನ ವ್ಯಾಪ್ತಿಗೆ ತಾನೇ ಮಾಡಿಕೊಳ್ಳುವ ನಿಯಮದ, ಕರಡು ಬರೆಯುವ ಹೊಣೆ ನನ್ನ ಪಾಲಿಗೆ ಬಂದಿತು. ಉಪವಿಧಿ ರಚಿಸುವ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಅಧಿನಿಯಮವೇ ಪಂಚಾಯಿತಿಗೆ ಕೊಟ್ಟಿದೆ. ಬೇರೆ ಊರಿನ ಮಾದರಿಯೊಂದನ್ನು ಮುಂದಿಟ್ಟುಕೊಂಡು, ‘ಕೆರೆಯ ಸುತ್ತಮುತ್ತ ತ್ಯಾಜ್ಯ ಹಾಕುವುದನ್ನು ನಿಷೇಧಿಸಲಾಗಿದೆ’ ಎಂದು ಬರೆದು, ಗ್ರಾಮಸಭೆಯಲ್ಲಿ ಓದಿಸಿ, ಅನುಮೋದನೆಯನ್ನೂ ಪಡೆದೆವು.

ಮೊದಲ ದಂಡದ ನೋಟಿಸು ಹೋದದ್ದು ಕೋಳಿ ಅಂಗಡಿಯೊಂದಕ್ಕೆ. ಅಂಗಡಿಯಾತ ಕಚೇರಿಗೆ ಬಂದು, “ಸುತ್ತಮುತ್ತ ಅಂದರೆ ಎಲ್ಲಿಯವರೆಗೆ ಸ್ವಾಮಿ? ನಾನು ಹಾಕಿದ್ದು ಕಾಲುವೆಗೆ, ಕೆರೆಗಲ್ಲ” ಎಂದ. ಉತ್ತರ ನಮ್ಮಲ್ಲಿರಲಿಲ್ಲ, ನೋಟಿಸನ್ನು ಹಿಂಪಡೆದೆವು. ನಮ್ಮ ಕೆರೆಗೆ ಮಳೆಯ ನೀರೇ ಆಧಾರ, ಬೆಂಗಳೂರಿನಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ 2018ರಿಂದ ಸಂಸ್ಕರಿತ ಕೊಳಚೆ ನೀರು ಪಡೆಯುತ್ತಿರುವ ಕೆರೆಗಳ ಸಾಲಿನಲ್ಲಿ ಅದು ಇಲ್ಲ. ಹೀಗಿರುವಾಗ ಕಾಲುವೆಯಲ್ಲಿ ಬಿದ್ದದ್ದೆಲ್ಲ ಮೊದಲ ಮಳೆಗೇ ಕೆರೆಯಂಗಳ ಸೇರುತ್ತದೆ ಎಂಬುದನ್ನು ನಾವು ಬಲ್ಲವರಾಗಿದ್ದರೂ ಕರಡಿನಲ್ಲಿ ಬರೆದಿರಲಿಲ್ಲ.

ತಿದ್ದುಪಡಿಗೆ ದಾರಿ ತೋರಿದ್ದು 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ. ಅದರ ಪ್ರಕಾರ ಕೆರೆಯೆಂದರೆ ನಿಂತ ನೀರಷ್ಟೇ ಅಲ್ಲ. ನೀರು ತರುವ ರಾಜಕಾಲುವೆ, ಏರಿ, ಹೆಚ್ಚಾದ ನೀರು ಹರಿದುಹೋಗುವ ಕೋಡಿ, ನೀರು ಬಿಡುವ ತೂಬುಗಳೂ ಅದರೊಳಗೆ ಸೇರುತ್ತವೆ. ಆ ವ್ಯಾಖ್ಯೆಯನ್ನು ನಮ್ಮ ನೆಲಕ್ಕೆ ಹೊಂದಿಸಲು ಗ್ರಾಮ ನಕ್ಷೆ ಹಿಡಿದು, ಸರ್ವೆಯರ್ ಜೊತೆಗೆ, ಕೆರೆಯ ನೀರನ್ನು ಹೊಲಗಳಿಗೆ ಹಂಚುವ ಹಿರಿಯ ನೀರಗಂಟಿಯೊಬ್ಬರನ್ನು ಕರೆದುಕೊಂಡು ಹೊರಟೆವು. ನಕ್ಷೆಯಲ್ಲಿ ಕಾಲುವೆಯ ಗೆರೆ ಇದ್ದ ಎರಡು ಕಡೆ ರಾಗಿ ಹೊಲವಿತ್ತು. ಯಾವ ಬದುವಿನ ಅಡಿಯಲ್ಲಿ ನೀರು ಈಗಲೂ ನುಗ್ಗುತ್ತದೆಂದು ನೀರಗಂಟಿಯವರು ಕೋಲಿನಿಂದ ಗೀರಿ ತೋರಿಸಿದರು. ಆ ದಿನ ನಾನು ಕಲಿತಷ್ಟನ್ನು ಯಾವ ತರಬೇತಿಯೂ ಕಲಿಸಿರಲಿಲ್ಲ. ಹೊಸ ಕರಡಿನಲ್ಲಿ ‘ಸುತ್ತಮುತ್ತ’ ಎಂಬುದನ್ನು ಕೈಬಿಟ್ಟು, ಪ್ರತಿ ಕಾಲುವೆಯನ್ನೂ ಊರಿನವರು ಕರೆಯುವ ಹೆಸರಿನಿಂದ, ಸರ್ವೆ ನಂಬರಿನೊಂದಿಗೆ ನಮೂದಿಸಿದೆವು.

ನಿಷೇಧಿಸಿದ್ದಕ್ಕೆ ಬದಲಿ ಜಾಗವನ್ನೂ ತೋರಿಸಬೇಕೆಂದು ಮಹಿಳಾ ಸದಸ್ಯರು ಪಟ್ಟು ಹಿಡಿದರು. ಅದರಿಂದಾಗಿ ಮಾಂಸದಂಗಡಿಗಳ ತ್ಯಾಜ್ಯಕ್ಕೆ ಪ್ರತ್ಯೇಕ ಗುಂಡಿ, ಗಣೇಶನ ವಿಸರ್ಜನೆಗೆ ಬೇರೆ ತೊಟ್ಟಿ ಏರ್ಪಾಡಾದವು.

ತಿಪ್ಪೆಯ ವಿಷಯವೇ ಕಷ್ಟವಾಯಿತು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು; ತಿಪ್ಪೆಯಿಂದ ಬಸಿಯುವ ರಸ ಅದನ್ನು ಹೆಚ್ಚಿಸುತ್ತದೆ. ಆದರೆ ಕಾಲುವೆ ಪಕ್ಕದ ತಿಪ್ಪೆಗಳಲ್ಲಿ ಹೆಚ್ಚಿನವು ಬೇರೆ ಜಾಗವೇ ಇಲ್ಲದ ಮನೆಗಳವು. ಅವರಿಗೆ ದಂಡ ಹಾಕಲು ನಾನು ಒಪ್ಪಲಿಲ್ಲ. ಗೋಮಾಳದ ಅಂಚಿನಲ್ಲಿ ಅವರಿಗೆ ಜಾಗ ಗುರುತಿಸುವ ಠರಾವು ನನ್ನ ಅವಧಿ ಮುಗಿಯುವಾಗಲೂ ಕಡತದಲ್ಲೇ ಇತ್ತು.