ಅಂಕಿ ತಿದ್ದಿಸುವ ಮುನ್ನ: ಮಕ್ಕಳಲ್ಲಿ ಲೆಕ್ಕದ ಮಾತು, ಲೆಕ್ಕದ ಯೋಚನೆ ಬೆಳೆಸುವುದು ಹೇಗೆ?

ನಾಲ್ಕು ವರ್ಷದ ಮಗು ಐವತ್ತರವರೆಗೆ ತಡವರಿಸದೆ ಒಪ್ಪಿಸಿದರೆ ಮನೆಮಂದಿಗೆ ಹಿಗ್ಗಾಗುವುದು ಸಹಜ. ಆದರೆ ಅದೇ ಮಗುವಿನ ಮುಂದೆ ಏಳು ಅಡಿಕೆ ಇಟ್ಟು ಎಣಿಸಲು ಹೇಳಿ, ಎಣಿಸಿ ಮುಗಿಸಿದ ಕೂಡಲೇ "ಹಾಗಾದರೆ ಒಟ್ಟು ಎಷ್ಟಿವೆ?" ಎಂದು ಕೇಳಿದರೆ, ಅನೇಕ ಮಕ್ಕಳು ಉತ್ತರ ಹೇಳುವ ಬದಲು ಮತ್ತೆ ಒಂದರಿಂದ ಎಣಿಸತೊಡಗುತ್ತಾರೆ. ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಎಂಬುದು ಅವರಿಗೆ ಇನ್ನೂ ಹೊಳೆದಿರುವುದಿಲ್ಲ. ಸ್ಲೇಟು ಹಿಡಿಸುವುದಕ್ಕಿಂತ ಮೊದಲು ಬೆಳೆಯಬೇಕಾದದ್ದು ಈ ತಿಳಿವಳಿಕೆ ಮತ್ತು ಅದನ್ನು ಹೇಳಲು ಬೇಕಾದ ಮಾತು.

ಊಟದ ಹೊತ್ತಿನಿಂದ ಆರಂಭಿಸಿ. ಐದು ಜನ ಉಣ್ಣುವುದಾದರೆ ತಟ್ಟೆ, ಲೋಟ ಇಡುವ ಕೆಲಸವನ್ನು ಮಗುವಿಗೇ ಒಪ್ಪಿಸಿ. ಲೋಟ ಒಂದು ಕಡಿಮೆ ಬಿದ್ದರೆ ನೀವೇ ತಂದಿಡಬೇಡಿ, "ತಟ್ಟೆ ಹೆಚ್ಚಿವೆಯೋ, ಲೋಟ ಹೆಚ್ಚಿವೆಯೋ? ಎಷ್ಟು ಹೆಚ್ಚು?" ಎಂದು ಕೇಳಿ, ಉತ್ತರ ಬರುವವರೆಗೆ ತಾಳ್ಮೆಯಿಂದ ಕಾಯಿರಿ.

ಎರಡನೆಯದಾಗಿ, ಎಲ್ಲವನ್ನೂ ದೊಡ್ಡದು, ಚಿಕ್ಕದು ಎಂದು ಹೇಳುವ ಅಭ್ಯಾಸವನ್ನು ಬಿಡಿ. ಹಗ್ಗ ಉದ್ದ, ಹಲಗೆ ಅಗಲ, ಕಂಬ ದಪ್ಪ, ಬಾವಿ ಆಳ, ಕೊಡ ಭಾರ ಎಂದು ಆಯಾ ಅಳತೆಗೆ ತಕ್ಕ ಮಾತನ್ನೇ ಬಳಸಿ. ಮನೆಯಲ್ಲಿ ಹಳೆಯ ಸೇರು, ಪಾವು ಉಳಿದಿದ್ದರೆ ಅದು ಭಾಗ್ಯವೇ ಸರಿ: ನಾಲ್ಕು ಪಾವು ಅಕ್ಕಿಗೆ ಸೇರು ತುಂಬುವುದನ್ನು ಮಗು ತಾನೇ ಅಳೆದು ಕಂಡರೆ ಕಾಲು, ಅರ್ಧ, ಮುಕ್ಕಾಲು ಎಂಬ ಮಾತುಗಳು ಕೈಗೇ ಸಿಗುತ್ತವೆ.

ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆಲ್ಲ ಚೆನ್ನೆಮಣೆಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಇದು ಗುಳಿಗಳಿರುವ ಮಣೆಯ ಮೇಲೆ ಕಾಳು ಹಂಚಿ ಆಡುವ ಆಟ; ಗುಳಿಗೆ ಮನೆ ಎನ್ನುತ್ತಾರೆ. ಎರಡು ಸಾಲು, ಸಾಲಿಗೆ ಏಳು ಮನೆ, ಮನೆಗೆ ನಾಲ್ಕು ಕಾಳು. ಮಗುವೇ ಕಾಳು ಹಂಚಲಿ; ಕೆಲವು ಆಟಗಳಾದ ಮೇಲೆ ನಾಲ್ಕನ್ನು ಎಣಿಸದೆ ನೋಡಿದೊಡನೆ ಗುರುತಿಸುತ್ತದೆ. ಕಾಳು ಎತ್ತುವ ಮುಂಚೆ "ಮೂರನೇ ಮನೆಯ ಕಾಳನ್ನು ಬಲಕ್ಕೆ ಒಂದೊಂದಾಗಿ ಬಿಡುತ್ತಾ ಹೋದರೆ ಕೊನೆಯದು ಎಲ್ಲಿ ಬೀಳುತ್ತದೆ?" ಎಂದು ಕೇಳಿ. ಮಗು ಬೆರಳಿನಿಂದ ನಾಲ್ಕು, ಐದು, ಆರು, ಏಳು ಎಂದು ಮನೆಗಳನ್ನು ಮುಟ್ಟುತ್ತಾ ಹೋಗಿ "ಸಾಲಿನ ಕೊನೇ ಮನೆಗೆ" ಎಂದರೆ, "ಹೇಗೆ ಗೊತ್ತಾಯಿತು?" ಎಂದು ಕೇಳಲು ಮರೆಯಬೇಡಿ. ತಪ್ಪು ಹೇಳಿದರೂ ಅದೇ ಪ್ರಶ್ನೆ ಕೇಳಿ, ಆಡಿ ನೋಡಲು ಬಿಡಿ. ಸರಿ ಉತ್ತರಕ್ಕಿಂತ ಕಾರಣ ಕೊಡುವ ರೂಢಿ ಮುಖ್ಯ. ಆಟಕ್ಕೆ ಹುಣಸೆ ಬೀಜ ಸಾಕು. ಗುಲಗಂಜಿ ವಿಷಕಾರಿಯಾದ್ದರಿಂದ ಮಕ್ಕಳ ಕೈಗೆ ಕೊಡಲೇಬಾರದು. ಮೂರು ವರ್ಷದೊಳಗಿನ ಮಕ್ಕಳಿಂದ ಯಾವ ಸಣ್ಣ ಬೀಜವನ್ನಾದರೂ ದೂರವಿಡಿ.

ಇನ್ನೊಂದು ಪರೀಕ್ಷೆಯನ್ನು ಅಡುಗೆಮನೆಯಲ್ಲೇ ಮಾಡಬಹುದು. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಒಂದರ ನೀರನ್ನು ಅಗಲವಾದ ಬೋಗುಣಿಗೆ ಸುರಿದರೆ, ಐದು ವರ್ಷದ ಮಗು ಸಾಮಾನ್ಯವಾಗಿ ಲೋಟದಲ್ಲೇ ನೀರು ಹೆಚ್ಚಿದೆ ಎನ್ನುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇಂಥ ಪ್ರಯೋಗಗಳಿಂದಲೇ ಮಕ್ಕಳ ಯೋಚನೆಯ ಬೆಳವಣಿಗೆಯನ್ನು ವಿವರಿಸಿದರು. ಬೈಯದೆ, ವಾದಿಸದೆ, ಬೋಗುಣಿಯ ನೀರನ್ನು ಮತ್ತೆ ಲೋಟಕ್ಕೆ ಸುರಿದು ತೋರಿಸಿ.

ಶಾಲೆಯಲ್ಲಿ ಟ್ವೆಂಟಿ ಒನ್ ಎಂದು ಕಲಿತ ಮಗುವಿಗೂ ಮನೆಯಲ್ಲಿ ಇಪ್ಪತ್ತೊಂದು ಎನ್ನಿ; ಕಾರಣ ಹೇಳುವುದು ಮನೆಮಾತಿನಲ್ಲೇ ಸುಲಭ.

ಎರಡು, ಮೂರನೇ ತರಗತಿಯ ಮಕ್ಕಳಿಗೆ ಮಳೆಗಾಲದ ದಿನಪತ್ರಿಕೆಯೇ ಪಾಠ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಪತ್ರಿಕೆಯಲ್ಲಿ ಇಂದಿನ ಮಟ್ಟ 158 ಅಡಿ ಎಂದಿದ್ದರೆ, ತುಂಬಲು ಇನ್ನೆಷ್ಟು ಅಡಿ ಬೇಕು ಎಂದು ಕೇಳಿ. ಒಂದು ಮಗು 186ರಲ್ಲಿ 158 ಕಳೆಯಬಹುದು. ಇನ್ನೊಂದು 160ಕ್ಕೆ ಎರಡು, ಅಲ್ಲಿಂದ ಇಪ್ಪತ್ತಾರು, ಒಟ್ಟು ಇಪ್ಪತ್ತೆಂಟು ಎನ್ನಬಹುದು. ಎರಡು ದಾರಿಗಳನ್ನೂ ಒಪ್ಪಿಕೊಂಡು, ಒಬ್ಬರ ದಾರಿಯನ್ನು ಇನ್ನೊಬ್ಬರಿಗೆ ವಿವರಿಸಲು ಹೇಳಿ.